ಗಡಿಯ ಹಳ್ಳಿಗಳಲ್ಲಿ ಹದಿಮೂರು ತಿಂಗಳು

ಪ್ರತಿ ವರುಷ ನವೆಂಬರ ೧ರಂದು ನಮ್ಮ ಸಂಘದ ಸಭಾಗೃಹದಲ್ಲಿ ತಾಯಿ ಭುವನೇಶ್ವರಿಯ ಪಟಕ್ಕೆ ಹೂಮಾಲೆ ಹಾಕುತ್ತೇವೆ. ಹರಿದು ಹಂಚಿಹೋಗಿದ್ದ ಕನ್ನಡ ನಾಡು ೧೯೫೬ರಲ್ಲಿ ಒಂದಾಯಿತೆಂದು ಭಾಷಣಕಾರರಲ್ಲಿ ಒಬ್ಬರಾದರೂ ಹೇಳಿಯೇ ಹೇಳುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆದರೆ ಹರಿದು ಹಂಚಿಹೋಗುವುದೆಂದರೆ ಏನು, ಅದು ಒಂದು ಮನೆಯ ಒಲೆಗೂ ಹೊಸ್ತಿಲಿಗೂ ಎಷ್ಟು ಹತ್ತಿರ ಬಂದಿತ್ತು ಎಂದು ನಮ್ಮ ಮಕ್ಕಳು ಕೇಳಿದರೆ ಉತ್ತರ ಹೇಳಬಲ್ಲವರು ಈಗ ಸಂಘದಲ್ಲಿ ಬೆರಳೆಣಿಕೆಯಷ್ಟು. ರಾಯಚೂರು, ಕೊಪ್ಪಳ, ಕಲಬುರಗಿ, ಬೀದರಗಳ ಕಡೆಯಿಂದ ಬಂದ ಮನೆತನಗಳು ಹೊರನಾಡಿನ ಯಾವ ಕನ್ನಡ ಸಂಘದಲ್ಲಿಯೂ ಇವೆ. ಅವುಗಳಲ್ಲಿ ಕೆಲವು ೧೯೪೮ರಲ್ಲಿ ಗಂಟುಮೂಟೆ ಕಟ್ಟಿಕೊಂಡು ಗಡಿ ದಾಟಿದವು, ಮರಳಿ ಹೋಗಲೇ ಇಲ್ಲ. ಆ ಹದಿಮೂರು ತಿಂಗಳುಗಳ ಸಂಗತಿಯನ್ನು, ದೊಡ್ಡವರ ರಾಜಕಾರಣಕ್ಕಿಂತ ಹಳ್ಳಿಯ ದಿನಚರಿಯ ಕಡೆಯಿಂದ, ಇಲ್ಲಿ ಬರೆದಿಡಲು ಬಯಸಿದ್ದೇವೆ.

ಮೊದಲು ಗಡಿ ಎಲ್ಲಿತ್ತೆಂಬುದನ್ನು ನೆನಪಿಗೆ ತಂದುಕೊಳ್ಳಬೇಕು. ಆಗಿನ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಧಾರವಾಡ, ವಿಜಾಪುರ ಜಿಲ್ಲೆಗಳು ಮುಂಬಯಿ ಪ್ರಾಂತದವು. ಬಳ್ಳಾರಿ ಮದ್ರಾಸು ಪ್ರಾಂತದ್ದು. ಧಾರವಾಡದ ಕಡೆಯವರು ನಿಜಾಮರ ಸೀಮೆಯನ್ನು ‘ಮೊಗಲಾಯಿ’ ಎಂದು ಕರೆಯುತ್ತಿದ್ದರು. ನಕಾಶೆಯಲ್ಲಿ ಇದೊಂದು ಗೆರೆ. ನೆಲದ ಮೇಲೆ ಅದು ಕೆಲವೆಡೆ ಹಳ್ಳ, ಕೆಲವೆಡೆ ಬದು, ಕೆಲವೆಡೆ ಏನೂ ಅಲ್ಲ. ಮುಂಡರಗಿ ಧಾರವಾಡ ಜಿಲ್ಲೆಯಲ್ಲಿ, ಅದರ ನೆರೆಯ ಅಳವಂಡಿ ಮೊಗಲಾಯಿಯಲ್ಲಿ. ಹಂಪೆ ಮದ್ರಾಸಿನಲ್ಲಿ, ಹೊಳೆಯಾಚೆಯ ಆನೆಗೊಂದಿ ನಿಜಾಮರಲ್ಲಿ. ವಿಜಯನಗರದ ಒಂದೇ ರಾಜಧಾನಿಯ ಎರಡು ದಡಗಳಿಗೆ ಎರಡು ಸರಕಾರಗಳು, ನಡುವೆ ಹರಿಗೋಲು. ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ರ ಫೆಬ್ರುವರಿ ೨೮ರಂದು ಎರಡೂ ದಡಗಳಲ್ಲಿ ಬೇರೆ ಬೇರೆ ಅಡಿಗಲ್ಲು ಇಟ್ಟರು. ಒಂದೇ ನೀರನ್ನು ತಡೆಯುವ ಒಂದೇ ಗೋಡೆಗೆ ಎರಡು ಪೂಜೆ! ನಗಬೇಕೋ ಅಳಬೇಕೋ ತಿಳಿಯದಂಥ ಸಂಗತಿ.

ಸಾಧಾರಣ ಕಾಲದಲ್ಲಿ ಈ ಗಡಿಯನ್ನು ಒಕ್ಕಲುಮಕ್ಕಳು ಬಹಳ ಮನಸ್ಸಿಗೆ ಹಚ್ಚಿಕೊಂಡಿರಲಿಲ್ಲ. ಹೆಣ್ಣು ಕೊಡುವುದು ತರುವುದು ಎರಡೂ ಕಡೆಗೆ ನಡೆದೇ ಇತ್ತು. ಮೊಗಲಾಯಿಯ ಎತ್ತು ಧಾರವಾಡ ಜಿಲ್ಲೆಯ ಸಂತೆಗೆ, ಅಲ್ಲಿಯ ಬಟ್ಟೆ ಮೊಗಲಾಯಿಯ ಸಂತೆಗೆ. ಕಾಡುತ್ತಿದ್ದದ್ದು ಕರೋಡಗಿರಿ ನಾಕೆಯೊಂದೇ. ನಿಜಾಮರ ಸುಂಕದ ಕಟ್ಟೆಗೆ ಈ ಹೆಸರು. ಅಲ್ಲಿಯ ಜವಾನನ ಕಣ್ಣು ತಪ್ಪಿಸಿ ಬೆಲ್ಲದ ಪೆಂಟೆಯನ್ನೋ ಮಗಳ ಮದುವೆಯ ಸೀರೆಯನ್ನೋ ದಾಟಿಸುವುದು ಗಡಿಯವರಿಗೆ ಒಂದು ಕಲೆಯೇ ಆಗಿತ್ತು.

ನಾಕೆ ದಾಟಿದರೆ ನಾಣ್ಯ ಬೇರೆ. ಬ್ರಿಟಿಷ್ ಸೀಮೆಯ ರೂಪಾಯಿಗೆ ‘ಕಲದಾರ’ ಎಂದೂ ನಿಜಾಮರ ರೂಪಾಯಿಗೆ ‘ಹಾಲಿ ಸಿಕ್ಕಾ’ ಎಂದೂ ಹೆಸರು. ಹಾಲಿ ರೂಪಾಯಿಯ ಮೇಲೆ ಚಾರಮಿನಾರಿನ ಚಿತ್ರ. ಆರು ಕಲದಾರಕ್ಕೆ ಏಳು ಹಾಲಿ ಸಮ. ನೂರು ಕಲದಾರಕ್ಕೆ ನೂರಾಹದಿನಾರು ರೂಪಾಯಿ ಹತ್ತಾಣೆ ಎಂಟು ಪೈ ಹಾಲಿ. ಅಕ್ಷರ ಬಾರದ ಮುದುಕಿಯರೂ ಈ ಲೆಕ್ಕವನ್ನು ಸಂತೆಯಲ್ಲಿ ಬೆರಳ ಮೇಲೆ ಮಾಡುತ್ತಿದ್ದರಂತೆ. ಕಾಲಗಣನೆಯೂ ಬೇರೆ. ಸರಕಾರದ ಕಾಗದಗಳಲ್ಲಿ ಫಸಲಿ ವರುಷ ನಡೆಯುತ್ತಿತ್ತು. ದೇಶಕ್ಕೆ ಸ್ವಾತಂತ್ರ್ಯ ಬಂದ ವರುಷದ ಅಕ್ಟೋಬರಿನಲ್ಲಿ ಅಲ್ಲಿ ೧೩೫೭ನೆಯ ಫಸಲಿ ಮೊದಲಾಯಿತು. ಹೀಗೆ ಒಬ್ಬ ಕುಲಕರ್ಣಿ ಲಾವಣಿಯನ್ನು ಫಸಲಿಯಲ್ಲಿ, ಜಾತಕವನ್ನು ಶಕೆಯಲ್ಲಿ, ಹುಬ್ಬಳ್ಳಿಯ ಬೀಗರಿಗೆ ಬರೆಯುವ ಕಾಗದವನ್ನು ಇಂಗ್ಲಿಷ್ ತಾರೀಖಿನಲ್ಲಿ ಬರೆಯಬೇಕಾಗಿತ್ತು. ಕಚೇರಿಯ ಭಾಷೆ ಉರ್ದು. ಶಾಲೆಯಲ್ಲಿ ಮೇಲಕ್ಕೇರಿದಂತೆಲ್ಲ ಉರ್ದುವೇ. ೧೯೧೮ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಮಾಧ್ಯಮವೂ ಅದೇ. ಅಲ್ಲಿ ಓದಿಯೂ ಯಲಬುರ್ಗಾ ಸೀಮೆಯ ದ್ಯಾಂಪುರದ ಸಿದ್ದಯ್ಯ ಪುರಾಣಿಕರು ಕನ್ನಡದ ಕವಿಯಾದರು; ಕಲಬುರಗಿಯಲ್ಲಿ ೧೯೦೭ರಲ್ಲಿಯೇ ನೂತನ ವಿದ್ಯಾಲಯ ಹುಟ್ಟಿತು. ಆದರೆ ಹಳ್ಳಿಯ ಹುಡುಗನ ಪಾಲಿಗೆ ಕನ್ನಡವೆಂದರೆ ಮನೆಯ ಮಾತು, ಮಠದ ಪುರಾಣ, ಹಂತಿಯ ಹಾಡು. ಸಭೆ ಕೂಡಿಸಬೇಕಾದರೆ ಸರಕಾರದ ಪರವಾನಿಗೆ ಬೇಕು. ಆ ಆಜ್ಞೆಗೆ ‘ಗಸ್ತಿ ನಿಶಾನ ೫೩’ ಎಂದು ಹೆಸರಿತ್ತು.

೧೯೪೭ರ ಆಗಸ್ಟ್ ೧೫ ಬಂದಿತು. ಹೊಳೆಯಾಚೆ ಮೂರು ಬಣ್ಣದ ಧ್ವಜ ಹಾರಿತು, ಈಚೆ ಹಾರಿಸುವಂತಿರಲಿಲ್ಲ. ನಿಜಾಮ ಮೀರ ಉಸ್ಮಾನ ಅಲಿಖಾನರು ಭಾರತಕ್ಕೂ ಸೇರದೆ ಪಾಕಿಸ್ತಾನಕ್ಕೂ ಸೇರದೆ ಸ್ವತಂತ್ರರಾಗಿರಬಯಸಿದರು. ಹೈದರಾಬಾದ ಸ್ಟೇಟ್ ಕಾಂಗ್ರೆಸ್ಸು ಆಗಸ್ಟ್ ೭ರಂದೇ ಭಾರತದಲ್ಲಿ ಸೇರಬೇಕೆಂಬ ದಿನಾಚರಣೆಯನ್ನು ಮಾಡಿತ್ತು. ಅದರ ನಾಯಕರಾದ ಸ್ವಾಮಿ ರಮಾನಂದ ತೀರ್ಥರು ಹುಟ್ಟಿದ್ದು ನಮ್ಮ ವಿಜಾಪುರ ಜಿಲ್ಲೆಯ ಸಿಂದಗಿಯಲ್ಲಿ. ಅವರನ್ನು ಸೆರೆಗೆ ಹಾಕಿದರು. ಮಾತುಕತೆ ನಡೆದು ನವೆಂಬರ ೨೯ರಂದು ಒಂದು ವರುಷದ ಯಥಾಸ್ಥಿತಿ ಒಪ್ಪಂದವಾಯಿತು. ದಿಲ್ಲಿಯಲ್ಲಿಯೂ ಹೈದರಾಬಾದಿನಲ್ಲಿಯೂ ನಡೆದ ಈ ವ್ಯವಹಾರವನ್ನು ಇತಿಹಾಸದ ಪುಸ್ತಕಗಳು ವಿಸ್ತಾರವಾಗಿ ಹೇಳುತ್ತವೆ. ನಾವು ಹಳ್ಳಿಗೆ ಹೋಗೋಣ.

ಆ ನವೆಂಬರದ ಕೊನೆಯ ವಾರದಲ್ಲಿಯೇ ಮೊಹರಂ ಬಿದ್ದಿತ್ತು. ರಾಯಚೂರು ಕೊಪ್ಪಳಗಳ ಸೀಮೆಯನ್ನು ಅರಿಯದ ವಾಚಕರಿಗೆ ಒಂದು ಮಾತು ಹೇಳಬೇಕು. ಅಲ್ಲಿ ಮೊಹರಂ ಒಂದು ಮತದವರ ಹಬ್ಬವಲ್ಲ, ಊರ ಹಬ್ಬ. ಅಲಾಯಿ ಕುಣಿ ತೋಡುವವನು ಒಬ್ಬ, ದೇವರು ಹಿಡಿಯುವವನು ಒಬ್ಬ, ಸಕ್ಕರೆ ಓದಿಸುವವರು ಊರೆಲ್ಲ. ಲಿಂಗ ಕಟ್ಟಿದವರೂ ಕುರುಬರೂ ಬೇಡರೂ ಹರಕೆ ಹೊತ್ತು ಫಕೀರರಾಗುತ್ತಾರೆ. ಹಸೇನ ಹುಸೇನರ ಕಥೆಯನ್ನು ರಿವಾಯತ ಪದಗಳಲ್ಲಿ ಹಾಡುವುದು ಕನ್ನಡದಲ್ಲಿಯೇ. ಮುದಗಲ್ಲಿನ ಮೊಹರಮ್ಮಿಗೆ ಇಂದಿಗೂ ದೂರದೂರದಿಂದ ಜನ ನೆರೆಯುತ್ತಾರೆ. ಮುಸಲ್ಮಾನರ ಮನೆ ಒಂದೂ ಇಲ್ಲದ ಊರುಗಳಲ್ಲಿ ಹಿಂದೂಗಳೇ ಈ ಹಬ್ಬವನ್ನು ನಡೆಯಿಸಿಕೊಂಡು ಬಂದದ್ದುಂಟು. ಆ ವರುಷವೂ ಹಬ್ಬ ನಡೆಯಿತು, ಕುಣಿಯ ಸುತ್ತ ಹೆಜ್ಜೆ ಹಾಕಿದರು. ಮುಂದಿನ ಮೊಹರಮ್ಮಿನೊಳಗೆ ಏನೇನಾಗುವುದೆಂದು ಆ ರಾತ್ರಿ ಕುಣಿದವರಲ್ಲಿ ಯಾರಿಗೆ ಗೊತ್ತಿತ್ತು?

ಒಪ್ಪಂದದ ಮಸಿ ಆರುವ ಮೊದಲೇ ಪೆಟ್ಟು ಬಿದ್ದದ್ದು ಸಂತೆಯ ಮೇಲೆ. ಭಾರತದ ನಾಣ್ಯ ಸಂಸ್ಥಾನದಲ್ಲಿ ಚಲಾವಣೆಗೆ ಸಲ್ಲದೆಂದು ನಿಜಾಮ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಬೆಳ್ಳಿ ಬಂಗಾರ ಹೊರಗೆ ಹೋಗಬಾರದೆಂದು ಇನ್ನೊಂದು. ದಿಲ್ಲಿಯವರ ದೃಷ್ಟಿಗೆ ಇದು ಒಪ್ಪಂದದ ಉಲ್ಲಂಘನೆ. ಗಡಿಯ ಒಕ್ಕಲಿಗನ ದೃಷ್ಟಿಗೆ ಅದು ಬೇರೆಯೇ ಒಂದು ತೊಡಕು: ಶೇಂಗಾ ಮಾರಿದ ಹಣ ಸೊಂಟದ ಚೀಲದಲ್ಲಿ ಕಲದಾರವಾಗಿದೆ, ತೀರಿಸಬೇಕಾದ ಸಾಲ ಹಾಲಿಯಲ್ಲಿದೆ, ನಡುವೆ ಬದಲಿಸಿಕೊಡುತ್ತಿದ್ದ ಸರಾಫ ಅಂಗಡಿ ಮುಚ್ಚಿದ್ದಾನೆ. ತವರಿಗೆ ಹೊರಟ ಸೊಸೆಯ ಕೈಯ ಪಾಟಲಿಯೂ ಈಗ ‘ಹೊರಗೆ ಹೋಗುವ ಬಂಗಾರ’. ನಾಕೆಯಲ್ಲಿ ಮೊದಲು ಒಂದು ಬೀಡಿ ಕಟ್ಟಿಗೆ ಕಣ್ಣು ಮುಚ್ಚುತ್ತಿದ್ದವನು ಈಗ ಗಂಟು ಬಿಚ್ಚಿಸಿ ನೋಡತೊಡಗಿದನು.

ಮೊಗಲಾಯಿಗೆ ಸಮುದ್ರವಿಲ್ಲ. ಉಪ್ಪು ಹೊರಗಿನಿಂದಲೇ ಬರಬೇಕು, ಸೀಮೆಎಣ್ಣೆಯೂ ಹಾಗೆಯೇ. ೧೯೪೮ರ ಬೇಸಗೆಯ ಹೊತ್ತಿಗೆ ಎರಡು ಸರಕಾರಗಳ ಹಗ್ಗಜಗ್ಗಾಟದಲ್ಲಿ ಗಡಿಯ ಸಾಗಾಟ ಬಿಗಿಯಾಯಿತು. ಭಾರತವು ನಮ್ಮನ್ನು ದಿಗ್ಬಂಧಿಸಿದೆಯೆಂದು ಹೈದರಾಬಾದು ದೂರತೊಡಗಿತು. ರಾಜ್ಯಗಳ ಈ ವಾದದಲ್ಲಿ ನ್ಯಾಯ ಯಾರದೇ ಇರಲಿ, ಅಡಿಗೆಮನೆಗೆ ಬಂದದ್ದು ಒಂದೇ ಫಲ. ಉಪ್ಪನ್ನು ಹರಳೆಣಿಸಿ ಹಾಕುವುದು, ದೀಪಕ್ಕೆ ಕುಸುಬೆಯೆಣ್ಣೆಯ ಹಣತೆ, ಹೊತ್ತು ಮುಳುಗುವ ಮೊದಲೇ ಊಟ. ಹೀಗೆ ಬೇಗ ಉಣ್ಣುವುದಕ್ಕೆ ಎಣ್ಣೆಯ ಅಭಾವವೊಂದೇ ಕಾರಣವಲ್ಲ. ದೀಪ ಕಂಡ ಮನೆಗೆ ರಾತ್ರಿ ಯಾರು ಬಂದು ಕದ ಬಡಿಯುವರೋ ಹೇಳುವಂತಿರಲಿಲ್ಲ.

ಕದ ಬಡಿಯುವವರು ಎರಡು ಬಗೆ. ಗಡಿಯುದ್ದಕ್ಕೂ ಆಗ ಸ್ಟೇಟ್ ಕಾಂಗ್ರೆಸ್ಸಿನ ಶಿಬಿರಗಳು ಎದ್ದಿದ್ದವು. ಮುಂಡರಗಿಯ ಶಿಬಿರದ ಮುಂದಾಳು ಅಳವಂಡಿಯ ಶಿವಮೂರ್ತಿಸ್ವಾಮಿಗಳು. ಗಜೇಂದ್ರಗಡದ ಶಿಬಿರದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರು. ತಾಳಿಕೋಟಿ, ಸಿಂದಗಿ, ದುಧನಿಗಳಲ್ಲಿಯೂ ಶಿಬಿರಗಳಿದ್ದವು. ಇಲ್ಲಿಂದ ತರುಣರು ರಾತ್ರಿ ಗಡಿ ದಾಟಿ ನಾಕೆಗಳ ಮೇಲೆ ಬೀಳುವರು, ಚಾವಡಿಯ ಲೆಕ್ಕಪತ್ರ ಸುಡುವರು, ಸರಕಾರದ ಅಬಕಾರಿ ಹುಟ್ಟುವಳಿಗೆ ಆಧಾರವಾದ ಸಿಂದಿಯ ಗಿಡಗಳನ್ನು ಕಡಿದು ಕೆಡಹುವರು. ಅವರಿಗೆ ರೊಟ್ಟಿ ಬೇಕು. ನಡುರಾತ್ರಿ ಎದ್ದು ಸದ್ದಾಗದಂತೆ ಹಿಟ್ಟು ಕಲಸಿ ಇಪ್ಪತ್ತು ಮೂವತ್ತು ರೊಟ್ಟಿ ಬಡಿಯುವುದೆಂದರೆ ಏನು? ಜೋಳದ ರೊಟ್ಟಿಯನ್ನು ಸದ್ದಿಲ್ಲದೆ ಬಡಿದ ಹೆಣ್ಣುಮಗಳು ಉತ್ತರ ಕರ್ನಾಟಕದಲ್ಲಿ ಹುಟ್ಟಿಲ್ಲ! ನೆರೆಮನೆಗೆ ಗೊತ್ತಾಗಿಯೇ ಆಗುತ್ತಿತ್ತು. ನೆರೆಮನೆ ಬಾಯಿ ಬಿಡದಿದ್ದರೆ ಉಳಿವು. ಸ್ವಾತಂತ್ರ್ಯದ ಹೋರಾಟದಲ್ಲಿ ಹೆಸರು ಬರೆಯಿಸಿಕೊಂಡವರ ಪಟ್ಟಿಗಳು ಇವೆ. ಆ ರೊಟ್ಟಿ ಬಡಿದವರ ಪಟ್ಟಿಯನ್ನು ಯಾರೂ ಮಾಡಲಿಲ್ಲ.

ಬೆಳಗಾದರೆ ಇನ್ನೊಂದು ಬಗೆಯವರು. ಇತ್ತಿಹಾದ ಪಕ್ಷದ ಕಾಸಿಂ ರಜ್ವಿಯ ಮುಂದಾಳುತನದ ರಜಾಕಾರರ ತಂಡಗಳು ೧೯೪೮ರ ಹೊತ್ತಿಗೆ ಹಳ್ಳಿಹಳ್ಳಿಗೂ ತಿರುಗುತ್ತಿದ್ದವು. ರಾತ್ರಿ ಯಾರಿಗೆ ರೊಟ್ಟಿ ಕೊಟ್ಟಿರಿ ಎಂದು ಅವರ ಪ್ರಶ್ನೆ. ಕೆಲವೆಡೆ ಪೆಟ್ಟು, ಕೆಲವೆಡೆ ಸುಲಿಗೆ, ಕೆಲವೆಡೆ ಬೆಂಕಿ, ಹೆಂಗಸರ ಮಾನಹರಣ. ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ಆ ವರುಷದ ಮೇ ತಿಂಗಳಲ್ಲಿ ನಡೆದ ಕೊಲೆಗಳನ್ನು ಆ ಸೀಮೆಯವರು ಇಂದಿಗೂ ಮರೆತಿಲ್ಲ. ಸುದ್ದಿಯ ದಾರಿಗಳು ಮುರಿದಿದ್ದುದರಿಂದ ನಡೆದದ್ದೂ ನಡೆಯದ್ದೂ ಸೇರಿ ಹಬ್ಬುತ್ತಿತ್ತು. ಭಯಕ್ಕೆ ಎರಡೂ ಒಂದೇ. ಅದೇ ಕಾಲದಲ್ಲಿ ಭಾರತದಲ್ಲಿ ಸೇರುವುದೇ ಲೇಸೆಂದು ‘ಇಮರೋಜ’ ಪತ್ರಿಕೆಯಲ್ಲಿ ಬರೆದ ಶೋಯೆಬುಲ್ಲಾಖಾನನೆಂಬ ತರುಣ ಸಂಪಾದಕನನ್ನು ಆಗಸ್ಟ್ ತಿಂಗಳಲ್ಲಿ ಹೈದರಾಬಾದಿನ ಬೀದಿಯಲ್ಲಿ ಕಡಿದು ಕೊಂದರು. ರಜಾಕಾರರ ಕತ್ತಿ ಯಾರ ಮೇಲೆಲ್ಲ ಬಿತ್ತು ಎಂದು ಹೇಳುವಾಗ ಈ ಹೆಸರನ್ನು ಬಿಡಬಾರದು. ಇನ್ನೊಂದು ಕಡೆ, ಶಿಬಿರದ ಹೆಸರು ಹೇಳಿ ಹಳೆಯ ಹಗೆ ತೀರಿಸಿಕೊಂಡವರೂ ಕಂಡವರ ಧಾನ್ಯ ಹೊತ್ತೊಯ್ದವರೂ ಇರಲಿಲ್ಲವೆಂದು ಹೇಳಿದರೆ ಹಿರಿಯರೇ ನಕ್ಕಾರು.

ಊರಗೌಡ ಕುಲಕರ್ಣಿಗಳ ಪಾಡು ಇಬ್ಬಂದಿ. ಕಂದಾಯ ಎತ್ತಬೇಕಾದವರು ಅವರೇ, ಲೆವಿಯ ಧಾನ್ಯ ಅಳೆಯಿಸಬೇಕಾದವರೂ ಅವರೇ. ಯುದ್ಧಕಾಲದಿಂದ ಬಂದ ಈ ಲೆವಿಯೆಂದರೆ ಬೆಳೆದದ್ದರಲ್ಲಿ ಸರಕಾರಕ್ಕೆ ಕಡ್ಡಾಯವಾಗಿ ಅಳೆಯಬೇಕಾದ ಪಾಲು. ಕಾಂಗ್ರೆಸ್ಸಿನವರು ಕೊಡಬೇಡಿ ಎಂದರು. ಅನೇಕ ಗೌಡರು ದಫ್ತರ ಕೊಟ್ಟು ರಾಜೀನಾಮೆ ಬರೆದರು, ಅನೇಕರು ಬರೆಯಲಾರದೆ ತೊಳಲಿದರು. ಹೀಗೆ ತೊಳಲಿದವರನ್ನು ಈಗ ಕುಳಿತು ಹೇಡಿಗಳೆನ್ನುವುದು ಸುಲಭ; ಮನೆ ತುಂಬ ಮಕ್ಕಳಿದ್ದವರಿಗೆ ಕೇಳಬೇಕು.

ಧಾನ್ಯವನ್ನು ಕಾಪಾಡಿದ್ದು ಹಗೇವು. ನಗರದಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಈ ಶಬ್ದವೇ ಹೊಸದಿರಬಹುದು. ನೆಲದಲ್ಲಿ ಕೊಡದ ಆಕಾರಕ್ಕೆ ಆಳವಾಗಿ ತೋಡಿದ ಕಣಜವಿದು: ಕೊರಳು ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಒಣ ಹುಲ್ಲು ಹಾಸಿ ಜೋಳ ತುಂಬಿ, ಬಾಯಿಗೆ ಕಲ್ಲು ಹಾಕಿ ಮಣ್ಣಿನಿಂದ ಮೆತ್ತಿಬಿಟ್ಟರೆ ವರುಷಗಟ್ಟಲೆ ಕೆಡದು. ಮನೆಯ ಅಂಗಳದಲ್ಲಿಯೋ ಊರ ಮುಂದಿನ ಬಯಲಿನಲ್ಲಿಯೋ ಇರುತ್ತಿದ್ದ ಹಗೇವುಗಳ ಬಾಯಿಯ ಮೇಲೆ ಆ ವರುಷ ದನ ಕಟ್ಟಿದರು, ತಿಪ್ಪೆ ಹಾಕಿದರು, ಬಣವೆ ಒಟ್ಟಿದರು. ಹಗೇವಿನ ಜಾಗ ಬಲ್ಲವರು ಊರಲ್ಲಿ ಇದ್ದೇ ಇರುತ್ತಾರೆ. ಅದನ್ನು ತುಂಬಿದ ಆಳುಮಗ ಬಲ್ಲ, ಮೆತ್ತಿದ ಹೆಂಗಸು ಬಲ್ಲಳು. ಹೀಗಾಗಿ ಒಂದು ಊರು ಉಳಿಯಿತೋ ಲೂಟಿಯಾಯಿತೋ ಎಂಬುದು ಕೋವಿಗಳ ಲೆಕ್ಕಕ್ಕಿಂತ ಹೆಚ್ಚಾಗಿ ಆ ಊರಿನವರು ಹಿಂದಿನ ಇಪ್ಪತ್ತು ವರುಷ ತಮ್ಮತಮ್ಮೊಳಗೆ ಹೇಗೆ ನಡೆದುಕೊಂಡಿದ್ದರು ಎಂಬುದರ ಮೇಲೆ ನಿಂತಿತ್ತು. ಆಳಿಗೆ ಹೊಟ್ಟೆ ತುಂಬ ಹಾಕದೆ ದುಡಿಸಿಕೊಂಡಿದ್ದವನ ಹಗೇವು ಬಹಳ ದಿನ ಗುಟ್ಟಾಗಿ ಉಳಿಯಲಿಲ್ಲ.

ಹಳೆಯ ಹುಡೇವುಗಳಿಗೆ ಮತ್ತೆ ಕೆಲಸ ಬಂದಿತು. ಪಿಂಡಾರಿಗಳ ಕಾಲದಲ್ಲಿ ಕಟ್ಟಿದ ಈ ಗುಂಡಗಿನ ಕಾವಲುಗೋಪುರಗಳು ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಪಾರಿವಾಳಗಳ ಗೂಡಾಗಿ ನಿಂತಿದ್ದವು. ಸರದಿಯ ಮೇಲೆ ಇಬ್ಬಿಬ್ಬರು ಮೇಲೇರಿ ರಾತ್ರಿ ಕಾಯುವರು. ಹಕ್ಕಿ ಹೊಡೆಯುವ ಕವಣೆಗಳನ್ನೂ ಕಲ್ಲುಗಳ ರಾಶಿಯನ್ನೂ ಮೇಲೆ ಇಟ್ಟುಕೊಳ್ಳುವರು. ದೂಳು ಕಂಡರೆ ಹಲಗೆ ಬಡಿಯಬೇಕು. ಸುಳ್ಳು ಹಲಗೆಗಳೇ ಹೆಚ್ಚು. ದನದ ಮಂದೆ ಬಂದರೂ ಬಡಿಯುವರು. ಊರೆಲ್ಲ ಎದ್ದು ಜೋಳದ ಹೊಲದಲ್ಲಿ ಅಡಗುವುದು, ತಿಳಿದ ಮೇಲೆ ಬೈದುಕೊಂಡು ಮರಳುವುದು.

ಕೊನೆಗೆ ಬಿಟ್ಟು ಹೊರಟರು. ಒಮ್ಮೆಗೇ ಅಲ್ಲ. ಮೊದಲು ವಯಸ್ಸಿಗೆ ಬಂದ ಹೆಣ್ಣುಮಕ್ಕಳನ್ನು ಆಚೆಯ ಬೀಗರ ಮನೆಗೆ ಕಳುಹಿದರು, ಆಮೇಲೆ ಬಾಣಂತಿಯರು ಮುದುಕರು, ಆಮೇಲೆ ದನ. ಗಂಡಸರು ಹಗಲು ಬಂದು ಹೊಲ ನೋಡಿ ರಾತ್ರಿ ಆಚೆಗೆ ಹೋಗುವರು. ೧೯೪೮ರ ಮುಂಗಾರಿ ಬಿತ್ತನೆಯನ್ನು ಗಡಿಯ ಕೆಲವು ಊರುಗಳಲ್ಲಿ ಮಾಡಿದ್ದು ಹೀಗೆ, ಕೂರಿಗೆಯ ಮುಂದೆ ಒಬ್ಬ, ದಾರಿ ಕಾಯಲು ಒಬ್ಬ. ಗದಗ, ಹುಬ್ಬಳ್ಳಿ, ಬಾಗಲಕೋಟೆ, ಹೊಸಪೇಟೆ, ಸೊಲ್ಲಾಪುರಗಳ ತನಕ ಜನ ಚದುರಿದರು. ಕೆಲವರು ಸೊಲ್ಲಾಪುರದ ಗಿರಣಿಯಲ್ಲಿ ನಿಂತರು, ಕೆಲವರು ಅಲ್ಲಿಂದ ಪುಣೆ ಮುಂಬಯಿಗಳ ರೈಲು ಹತ್ತಿದರು.

ಆಚೆಯ ಹಳ್ಳಿಗಳ ಮಾತನ್ನು ಸಾಮಾನ್ಯವಾಗಿ ಯಾರೂ ಬರೆಯುವುದಿಲ್ಲ. ಯುದ್ಧಕಾಲದ ಧಾನ್ಯ ಬಟ್ಟೆಗಳ ಅಭಾವ ಅಲ್ಲಿಯೂ ಮುಗಿದಿರಲಿಲ್ಲ. ಐದು ಜನರ ಒಲೆಯ ಮೇಲೆ ಹದಿನೈದು ಜನರ ಅಡಿಗೆ ಬಂದಿತು. ಗುಡಿ, ಮಠ, ಧರ್ಮಶಾಲೆ, ದನದ ಕೊಟ್ಟಿಗೆ ಎಲ್ಲ ತುಂಬಿದವು. ಮೊದಲ ತಿಂಗಳು ಬೀಗರು, ಎರಡನೆಯ ತಿಂಗಳು ಅತಿಥಿಗಳು, ಮೂರನೆಯ ತಿಂಗಳಿಗೆ ‘ಮೊಗಲಾಯಿಯವರು’. ಈ ಮಾತನ್ನು ಹೇಳುವಾಗ ನಮ್ಮ ಹಿರಿಯರಲ್ಲಿ ಕೆಲವರಿಗೆ ನಗು ಬರುತ್ತಿತ್ತು, ಕೆಲವರಿಗೆ ಎಪ್ಪತ್ತು ವರುಷಗಳ ಮೇಲೂ ಕಣ್ಣಲ್ಲಿ ನೀರು ಬರುತ್ತಿತ್ತು. ಬಾವಿಯ ಕಟ್ಟೆಯಲ್ಲಿ ಜಗಳ, ದನ ಮೇಯಿಸುವುದಕ್ಕೆ ಜಗಳ. ಆದರೂ ಒಲೆ ಆರಲಿಲ್ಲವೆಂಬುದನ್ನು ಹೇಳಲೇಬೇಕು. ಕೂಲಿಗೆ ಕರೆದುಕೊಂಡು ಹೋದರು, ಕಾಳು ಕಡ ಕೊಟ್ಟರು. ಬಂದವರ ಮಾತು ಮನೆಯವರ ಮಾತು ಒಂದೇ ಆಗಿತ್ತು. ನಾಡು ಒಂದೆಂಬ ವಿಚಾರವನ್ನು ಪೇಟೆಯ ಓದಿದವರು ಸಭೆಯಲ್ಲಿ ಠರಾವು ಮಾಡುತ್ತಿದ್ದಾಗ, ಹಳ್ಳಿಯವರಿಗೆ ಅದು ಹಂಚಿಕೊಂಡ ಹಿಟ್ಟಿನಲ್ಲಿಯೂ ಹಂಚಿಕೊಳ್ಳಲಾರದೆ ಆಡಿದ ಬಿರುಸಿನ ಮಾತಿನಲ್ಲಿಯೂ ತಿಳಿಯುತ್ತಿತ್ತು.

ಸೆಪ್ಟೆಂಬರ ೧೩ರ ಸೋಮವಾರ ಭಾರತದ ಸೇನೆ ಸಂಸ್ಥಾನವನ್ನು ಹೊಕ್ಕಿತು. ದೊಡ್ಡ ಪಡೆ ಸೊಲ್ಲಾಪುರದಿಂದ ನಳದುರ್ಗದ ದಾರಿ ಹಿಡಿಯಿತು. ಹೊಸಪೇಟೆಯ ಕಡೆಯಿಂದಲೂ ತುಕಡಿಗಳು ತುಂಗಭದ್ರೆಯನ್ನು ದಾಟಿದವು. ೧೭ರ ಸಂಜೆ ಕದನವಿರಾಮ. ೧೮ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸರು ಜನರಲ್ ಚೌಧರಿಯವರಿಗೆ ಶರಣಾದರು. ಹದಿಮೂರು ತಿಂಗಳ ದುಃಸ್ವಪ್ನ ಐದು ದಿನಗಳಲ್ಲಿ ಒಡೆಯಿತು. ಗಡಿಯ ಊರುಗಳಲ್ಲಿ ಜನ ಬೀದಿಗೆ ಬಂದು ಗುಲಾಲು ಎರಚಿದರು. ಹದಿನೇಳನೆಯ ಸೆಪ್ಟೆಂಬರವನ್ನು ಆ ಸೀಮೆಯಲ್ಲಿ ಇಂದಿಗೂ ಹಬ್ಬವಾಗಿ ಆಚರಿಸುತ್ತಾರೆ. ೨೦೧೯ರಲ್ಲಿ ಆ ಭಾಗಕ್ಕೆ ಕಲ್ಯಾಣ ಕರ್ನಾಟಕವೆಂದು ಹೆಸರಾದ ಮೇಲೆ ಹಬ್ಬದ ಹೆಸರೂ ಹಾಗೆಯೇ ಆಯಿತು.

ನಮ್ಮ ಸ್ಮರಣ ಸಂಚಿಕೆಗಳಲ್ಲಿ ಈ ಕಥೆ ಬಂದಾಗಲೆಲ್ಲ ಇಲ್ಲಿಗೆ ನಿಲ್ಲುವುದು ರೂಢಿ. ನಾವು ನಿಲ್ಲಿಸಲಾರೆವು. ಸೇನೆ ಮುಂದೆ ಹೋದ ಮೇಲಿನ ವಾರಗಳಲ್ಲಿ ಹಳ್ಳಿಗಳಲ್ಲಿ ಸೇಡಿನ ಕೈ ಎದ್ದಿತು. ಅದು ಎಷ್ಟೋ ಸಲ ಕತ್ತಿ ಹಿಡಿದವನನ್ನು ಹುಡುಕಲಿಲ್ಲ, ಓಡಿಹೋಗಲಾರದವನನ್ನು ಹುಡುಕಿತು. ಹತ್ತಿ ಹಿಂಜುವ ಪಿಂಜಾರ, ಬಳೆ ಮಾರುವವ, ಕುದುರೆಗೆ ಲಾಳ ಕಟ್ಟುವವ, ನಿನ್ನೆಯವರೆಗೆ ಅಣ್ಣ ಮಾವ ಎಂದು ಕರೆಸಿಕೊಂಡವರು. ಕೇಂದ್ರ ಸರಕಾರ ಕಳುಹಿದ ಪಂಡಿತ ಸುಂದರಲಾಲರ ಸಮಿತಿ ನವೆಂಬರ ಡಿಸೆಂಬರಗಳಲ್ಲಿ ಸಂಸ್ಥಾನವನ್ನು ಸುತ್ತಿ ನೋಡಿತು. ಕಾಜಿ ಅಬ್ದುಲ್ ಗಫಾರರು ಅದರ ಸದಸ್ಯರಲ್ಲಿ ಒಬ್ಬರು. ಸತ್ತವರು ಕಡಿಮೆಯೆಂದರೂ ೨೭,೦೦೦ದಿಂದ ೪೦,೦೦೦ದ ವರೆಗೆ ಎಂದು ಆ ಸಮಿತಿಯ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದು, ನಾಂದೇಡ, ಮತ್ತು ನಮ್ಮವೇ ಆದ ಗುಲಬರ್ಗಾ, ಬೀದರ. ಈ ವರದಿ ಬಹುಕಾಲ ಕಪಾಟಿನಲ್ಲಿಯೇ ಉಳಿಯಿತು. ಕೆಲವೆಡೆ ಹಿಂದೂ ನೇಕಾರರು ತಮ್ಮ ಮುಸಲ್ಮಾನ ನೇಕಾರ ಬಂಧುಗಳನ್ನು ಕಾಪಾಡಲು ಹೋಗಿ ತಾವೇ ಪ್ರಾಣ ತೆತ್ತ ಸಂಗತಿಯೂ ಅದರಲ್ಲಿದೆ. ಒಂದೇ ಮಗ್ಗದ ಕುಣಿಯಲ್ಲಿ ಕಾಲಿಟ್ಟು ಕೂತವರು ಅವರು. ಹಿಂದಿನ ತಿಂಗಳುಗಳಲ್ಲಿ ನಮ್ಮವರನ್ನು ರಜಾಕಾರರಿಂದ ಬಚ್ಚಿಟ್ಟು ಕಾಪಾಡಿದ ಮುಸಲ್ಮಾನ ಮನೆಗಳ ಕಥೆಗಳನ್ನೂ ಆ ಸೀಮೆಯಲ್ಲಿ ಹೇಳುತ್ತಾರೆ. ಯಾರ ಕಥೆಯನ್ನು ಯಾರ ಮುಂದೆ ಹೇಳಬೇಕೆಂಬ ಅಳುಕಿನಿಂದ ಹಿರಿಯರು ಎರಡನ್ನೂ ಮೆಲ್ಲನೆ, ಕದ ಮುಂದೆ ಮಾಡಿ ಹೇಳುತ್ತಿದ್ದರು.

ಆ ನವೆಂಬರದಲ್ಲಿ ಮತ್ತೆ ಮೊಹರಂ ಬಂದಿತು. ಕೆಲವು ಊರುಗಳಲ್ಲಿ ಕುಣಿ ತೋಡಲಿಲ್ಲ.

ಆದರೆ ಒಕ್ಕಲುತನಕ್ಕೆ ಕಾಯುವ ವ್ಯವಧಾನವಿಲ್ಲ. ಸೆಪ್ಟೆಂಬರದ ಕೊನೆಗೆ ಹಸ್ತಾ ಮಳೆ, ಅದರ ಹಿಂದೆ ಚಿತ್ತಾ ಮಳೆ. ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತುವುದು ಆಗಲೇ. ಈ ಹದ ತಪ್ಪಿದರೆ ಮುಂದಿನ ವರುಷ ಉಪವಾಸ. ಹೀಗಾಗಿ ವಿಜಯದ ಮೆರವಣಿಗೆಗಳು ಪೇಟೆಯಲ್ಲಿ ನಡೆಯುತ್ತಿದ್ದಾಗಲೇ ಹಳ್ಳಿಯ ಬಂಡಿಗಳು ಗಡಿಯ ಕಡೆಗೆ ತಿರುಗಿದ್ದವು. ನಾಕೆಯಲ್ಲಿ ಯಾರೂ ಇರಲಿಲ್ಲ. ತಡೆಗೋಲು ದಾರಿಯ ಪಕ್ಕಕ್ಕೆ ಬಿದ್ದಿತ್ತು.

ನಮ್ಮಲ್ಲೊಬ್ಬರ ಮನೆಯ ಅಜ್ಜಿ ಆ ದಿನವನ್ನು ಬಹಳ ಸಲ ಹೇಳುತ್ತಿದ್ದರು. ಮನೆಯ ಮಾಳಿಗೆಯ ಒಂದು ಅಂಕಣ ಮಳೆಗೆ ಇಳಿದಿತ್ತು. ಬಾಗಿಲ ಹಲಗೆಗಳನ್ನು ಯಾರೋ ಒಯ್ದಿದ್ದರು, ಬೀಸುವ ಕಲ್ಲು ಹಾಗೆಯೇ ಇತ್ತು; ಅದನ್ನು ಹೊರುವ ಕಳ್ಳನಿಲ್ಲ. ಅಂಗಳದ ತಿಪ್ಪೆ ಸರಿಸಿ ಹಗೇವಿನ ಬಾಯಿ ತೆರೆದರು. ತೆರೆದ ಕೂಡಲೆ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜೀವ ಹೋಗುತ್ತದೆ. ಒಂದು ದಿನ ಬಿಟ್ಟು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ಅದು ಆರದಿದ್ದರೆ ಆಳು ಇಳಿಯಬೇಕು. ದೀಪ ಆರಲಿಲ್ಲ. ಮೇಲಿನದೂ ಸುತ್ತಲಿನದೂ ಕಪ್ಪಾಗಿ ಮುಗ್ಗಿತ್ತು, ನಡುವಿನ ಜೋಳ ಚೆನ್ನಾಗಿತ್ತು. ಮುಗ್ಗಿದ್ದನ್ನು ದನಕ್ಕೆ ತೆಗೆದಿಟ್ಟು ಒಳ್ಳೆಯದನ್ನು ಅಂಗಳದಲ್ಲಿ ಹರವಿದರು.

ಉಣ್ಣಲಿಕ್ಕೆ ಅದು ಸಾಕು. ಬಿತ್ತಲಿಕ್ಕೆ ಬಾರದು, ಹಗೇವಿನಲ್ಲಿ ಬೆಂದ ಕಾಳು ಮೊಳೆಯುವುದಿಲ್ಲ. ಬೀಜದ ಜೋಳವನ್ನು ಬೂದಿ ಬೆರೆಸಿ ಬೇರೆ ಮಡಕೆಯಲ್ಲಿ ಕಟ್ಟಿಡುತ್ತಿದ್ದರು, ಆ ಮ���ಕೆಗಳು ಒಡೆದು ಬಿದ್ದಿದ್ದವು. ಅಜ್ಜಿಯ ಮಾವನವರು ಮರುದಿನ ನಸುಕಿನಲ್ಲಿ ಬಂಡಿ ಹೂಡಿಕೊಂಡು, ಬಿಟ್ಟು ಬಂದು ಮೂರು ದಿನವೂ ಆಗಿರದ ಆಚೆಯ ಬೀಗರ ಊರಿಗೆ ಮತ್ತೆ ಹೋದರು. ಹೊರಡುವಾಗ ಅಲ್ಲಿ ಬಾವಿಯ ನೀರಿನ ಮೇಲೆ ಒಂದು ದೊಡ್ಡ ಜಗಳವಾಗಿತ್ತಂತೆ, ಹೇಗೆ ಮುಖ ತೋರಿಸಲಿ ಎಂದು ದಾರಿಯುದ್ದಕ್ಕೂ ಅಂಜಿದ್ದರಂತೆ. ಸಂಜೆ ಮರಳಿ ಬಂದಾಗ ಬಂಡಿಯಲ್ಲಿ ಎರಡು ಚೀಲ ಬೀಜದ ಜೋಳವಿತ್ತು. ಒಂದು ಕೇಳಿದ್ದು, ಇನ್ನೊಂದು ಅವರೇ ಹಾಕಿದ್ದು. ಆ ಎರಡನೆಯ ಚೀಲ ಓಣಿಯ ಪಿಂಜಾರರ ಮನೆಯ ಹೊಲಕ್ಕೆ ಹೋಯಿತು. ಆ ಮನೆಯಲ್ಲಿ ಆಗ ಉಳಿದವರು ಒಬ್ಬ ಹೆಂಗಸು, ಇಬ್ಬರು ಮಕ್ಕಳು. ಚಿತ್ತಾ ಮಳೆ ಹನಿಯುವ ಮೊದಲು ಎರಡೂ ಹೊಲಗಳಿಗೆ ಒಂದೇ ಕೂರಿಗೆ ಹೂಡಿದರು.